ದೋಷದ ಮಿತಿಯೊಳಗೆ

ಈ ಹಳದಿ ಪೆಟ್ಟಿಗೆ ಮೊದಲು ಅಂಡಮಾನಿನಲ್ಲಿತ್ತು,
ಜನರಿಲ್ಲದ ದ್ವೀಪದಲ್ಲಿ, ಹೊಗೆಯಾಡುವ ಬೆಟ್ಟದ ತಪ್ಪಲಲ್ಲಿ.
ಮುಚ್ಚಳದ ಸಂದಿಯಲ್ಲಿ ಇನ್ನೂ ಕಪ್ಪು ಬೂದಿಯಿದೆ;
ಬೆರಳಿಗೆ ಹತ್ತಿದ್ದನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತೇನೆ.
ಅಲ್ಲಿ ಬೆಟ್ಟ ಉಸಿರೆಳೆದರೆ ಇದಕ್ಕೆ ತಿಳಿಯುತ್ತಿತ್ತು:
ನೆಲ ನಾಲ್ಕು ಮಿಲಿಮೀಟರ್ ಉಬ್ಬಿದೆ, ಎರಡು ಇಳಿದಿದೆ,
ಆಮೇಲೆ ಬೆಂಕಿ.
ಈಗ ಚಾಂಪಿಯನ್ ರೀಫಿನಲ್ಲಿ, ಸಿಮೆಂಟು ಕಂಬದ ಬುಡದಲ್ಲಿ;
ಕಂಬದ ತುದಿಗೆ ಬೋರಲು ಬಟ್ಟಲಿನಂಥ ಆಂಟೆನಾ.

ಇಲ್ಲೂ ಬೆಂಕಿಯಿತ್ತು, ಸರಿ.
ಇನ್ನೂರ ಎಪ್ಪತ್ತು ಕೋಟಿ ವರ್ಷದ ಹಿಂದೆ.
ಪೆದ್ದಪಲ್ಲಿಯ ಬಂಡೆಗಳನ್ನು ನೋಡಿ:
ಕುದಿಯುತ್ತ ಕುದಿಯುತ್ತಲೇ ನಿಂತುಹೋದ ಅಂಬಲಿ.
ಮೇಲೆ ಮೇಕೆಗಳು ಮಲಗುತ್ತವೆ.
ಈಗ ನೆಲ ಅಲುಗಿದರೆ ಅದು ಬೆಂಕಿಯಲ್ಲ,
ನಾವು ತೋಡಿದ್ದು.
ಮೂರು ಸಾವಿರ ಮೀಟರಿನ ಖಾಲಿ, ಅದರೊಳಗೆ ಏರುತ್ತಿರುವ ನೀರು.

ಹದಿನೈದು ದಿನಕ್ಕೊಮ್ಮೆ ಬರುತ್ತೇನೆ.
ಬ್ಯಾಟರಿ ನೋಡುವುದು, ಕಾರ್ಡು ತೆಗೆಯುವುದು,
ಕಾಗೆ ಹಿಕ್ಕೆ ಒರೆಸುವುದು.
ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿಂದ
ಉಪಗ್ರಹಗಳು ತಮ್ಮ ತಮ್ಮ ಗಡಿಯಾರ ನೋಡಿ ಸಮಯ ಕೂಗುತ್ತವೆ.
ಕೂಗು ತಲುಪಲು ಎಷ್ಟು ತಡವಾಯಿತೋ
ಅದರಿಂದ ಕಂಬಕ್ಕೆ ತಾನೆಲ್ಲಿದ್ದೇನೆಂದು ಗೊತ್ತಾಗುತ್ತದೆ.
ಯಾರಾದರೂ ಪಕ್ಕದಲ್ಲಿ ತಗಡಿನ ಡ್ರಮ್ಮಿಟ್ಟರೆ ಸಾಕು,
ಕೂಗು ಅದಕ್ಕೆ ತಾಗಿ ಸುತ್ತಿಕೊಂಡು ಬಂದು
ನಿಂತ ಕಂಬ ಕಾಗದದಲ್ಲಿ ಸುಮ್ಮಸುಮ್ಮನೆ ಕುಣಿಯುತ್ತದೆ.

ಎಲ್ಲಿಗೆ ಹೋಗ್ತಾ ಇದೆ ಇದು, ಸಗಾಯಮೇರಿ ಕೇಳಿದರು.
ಈಶಾನ್ಯಕ್ಕೆ, ಅಂದೆ. ವರ್ಷಕ್ಕೊಂದು ಬೀಡಿಯುದ್ದ.
ಇದೊಂದೇ ಅಲ್ಲ. ನೀವು, ನಾನು, ಸೈನೈಡ್ ದಿಬ್ಬ,
ಮಾರಿಕುಪ್ಪಂ ರೈಲು, ಬಂಗಾರಪೇಟೆ, ಇಡೀ ದೇಶ.
"ಎಲ್ಲಾರೂ ಹೋದ್ರೆ ಅದು ಹೋದಂಗಾ ಸಾರ್?"
ಅದಕ್ಕೇ ಅದನ್ನು ಮೊದಲೇ ಕಳೆದುಬಿಡುತ್ತೇವೆ.
ಉಳಿದದ್ದಷ್ಟೇ ನಮ್ಮ ಲೆಕ್ಕ.

ಅವರ ಲೆಕ್ಕ ಬೇರೆ.
ಲೈನ್ ಮನೆಯ ಅಡುಗೆಗೋಡೆ, ಬಿರುಕು,
ಬಿರುಕಿಗೆ ಅಡ್ಡಲಾಗಿ ಗಂಡ ಇರುದಯಂ ಅಂಟಿಸಿದ ಗಾಜಿನ ಪಟ್ಟಿ.
ಗಣಿಯೊಳಗೆ ಹೀಗೇ ಮಾಡುತ್ತಿದ್ದರಂತೆ.
ಗಾಜು ಸೀಳಿದಾಗೆಲ್ಲ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ತಾರೀಖು,
ಮತ್ತೆ ಹೊಸ ಗಾಜು.
ಅವನು ಹೋದ ಮೇಲೂ ಇವರೇ ಅಂಟಿಸುತ್ತಾರೆ.
ಹನ್ನೊಂದು ತಾರೀಖು. ಕೊನೆಯದು ಮೊನ್ನೆ ಶುಕ್ರವಾರದ್ದು.
ಆ ರಾತ್ರಿ ಏರ್‌ಬ್ಲಾಸ್ಟ್ ಆಯಿತಂತೆ,
ತಟ್ಟೆಗಳು ತಾವಾಗಿ ಮಾತಾಡಿದವಂತೆ.
ನನ್ನ ಕಂಬ ಆ ರಾತ್ರಿ ನೆಟ್ಟಗೆ ನಿಂತಿತ್ತು.

"ಅದು ಬಂಡೆ ಮೇಲೆ ಕುಂತದೆ ಸಾರ್.
ನಾವು ಕುಂತಿರೋದು ಅಗೆದು ತುಂಬ್ಸಿದ್ದರ ಮೇಲೆ.
ನಮ್ಮನೇಲೂ ಒಂದಪ ಇಕ್ಕಿ ನೋಡಿ."

ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಇಟ್ಟೆ.
ಅಂಗಳದಲ್ಲಿ ಮೊಳೆ ಹೊಡೆದು, ನೆತ್ತಿಗೆ ಸರಿಯಾಗಿ ಟ್ರೈಪಾಡು,
ಕಾಲುಗಳಿಗೆ ಮರಳಿನ ಚೀಲ. ಮೂರು ರಾತ್ರಿ.
ಮಳೆಗಾಲ ಕಳೆದು ಅದೇ ಮೊಳೆಯ ಮೇಲೆ ಮತ್ತೆ ಮೂರು.
ಮೊಮ್ಮಗ ಪಕ್ಕದಲ್ಲೇ ಉಸಿರು ಬಿಗಿಹಿಡಿದು ಕೂತಿದ್ದ,
ತಾನು ಅಲುಗಿದರೆ ಲೆಕ್ಕ ತಪ್ಪೀತೆಂದು.

ಇಳಿದದ್ದು ಆರು ಮಿಲಿಮೀಟರ್.
ದೋಷದ ಮಿತಿ ಎಂಟು.
"ಅಂದ್ರೆ?"
ಇಳಿದಿರಬಹುದು. ಇಳಿಯದೆಯೂ ಇರಬಹುದು.
ಇನ್ನೂ ಜಾಸ್ತಿಯಾದರೆ ಖಚಿತವಾಗಿ ಹೇಳಬಹುದು.
"ಜಾಸ್ತಿ ಆದಾಗ ಯಾರ್ಗೆ ಹೇಳ್ತೀರ?"
ಟೀ ಆರುವ ತನಕ ಲೋಟವನ್ನೇ ನೋಡುತ್ತ ಕೂತಿದ್ದೆ.

ವರದಿಯಲ್ಲಿ ಬರೆದೆ: ಗಮನಾರ್ಹ ಚಲನೆ ಇಲ್ಲ.
ಹಾಗೆ ಬರೆಯುವುದೇ ಸರಿ. ಸುಳ್ಳಂತೂ ಅಲ್ಲ.
ಯಾರೂ ಓದದ ಷರಾ ಕಾಲಮ್ಮಿನಲ್ಲಿ
ಹನ್ನೊಂದು ತಾರೀಖುಗಳನ್ನೂ ಇಳಿಸಿದೆ: ಗಾಜು ಒಡೆದ ದಿನಗಳು.
ಯಾರೋ ಓದಿದರು. ಪತ್ರ ಬಂತು:
ಸದರಿ ಉಪಕರಣದ ತಯಾರಕರು, ಮಾಡೆಲ್ ಸಂಖ್ಯೆ,
ಕೊನೆಯ ಸಲ ಪರೀಕ್ಷಿಸಿದ ದಿನಾಂಕ ತಿಳಿಸುವುದು.

ಇನ್ನೂ ಉತ್ತರಿಸಿಲ್ಲ.
ಸದರಿ ಗಾಜು ಮದುವೆಯ ಫೋಟೋದಿಂದ ಕತ್ತರಿಸಿದ್ದು.
ಚೌಕಟ್ಟು ಅದೇ ಗೋಡೆಯಲ್ಲಿದೆ;
ಕೋಟು ತೊಟ್ಟ ಇರುದಯಂನ ಮುಖದ ಮೇಲೆ
ಈಗ ನೇರವಾಗಿ ದಿಬ್ಬದ ಧೂಳು ಕೂರುತ್ತದೆ.